ದಟ್ಟಿ ಕಟ್ಟುವ ಮೊದಲು

ಘೋಣಸಗಿ
೨ ಜುಲೈ ೧೯೭೮, ರವಿವಾರ

ಪ್ರೀತಿಯ ಅತ್ತಿಗೆ ಬೋರವ್ವಳಿಗೆ ನಿನ್ನ ನಾದಿನಿ ಸಕ್ರವ್ವ ಮಾಡುವ ಶರಣು.

ಇಲ್ಲಿ ಮಳೆ ಹದವಾಗಿ ಬಿದ್ದಿದೆ, ಕುರಿಗಳು ಆರಾಮ, ನಾವೂ ಆರಾಮ. ಕಾಖಂಡಕಿಯಲ್ಲಿ ನೀನೂ ಮಗಳೂ ಹೇಗಿದ್ದೀರಿ? ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಪಂಚಾಯತಿ ಸದಸ್ಯಳಾದ ಮೇಲೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ. ಅಣ್ಣ ಹೋದ ಮೇಲೆ ತವರಿಗೆ ಹೋದ ನೀನು ಮತ್ತೆ ಈ ಊರಿಗೆ ಕಾಲಿಟ್ಟಿಲ್ಲ. ಬಾ ಎಂದು ಕರೆಯಲು ನನಗೆ ಮುಖವೂ ಇಲ್ಲ. ಕಾಗದವಾದರೂ ಬರೆಯುತ್ತೀಯಲ್ಲ, ಅದು ದೊಡ್ಡದು. ಇದರಲ್ಲಿ ಗಂಡಸರ ಸುದ್ದಿ ಬಹಳ ಇದೆ. ನೀನೇ ಓದಿಕೋ, ಯಾರ ಕೈಗೂ ಕೊಡಬೇಡ.

ನಾನು ಗೆದ್ದೆ ಬೋರವ್ವ. ಮೊದಲು ಅದನ್ನು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ಹೋದ ವರ್ಷ ಕಾರಹುಣ್ಣಿಮೆಗೆ ಹನುಮಪ್ಪನ ಗುಡಿಯ ಮುಂದಿನ ಗುಂಡುಕಲ್ಲು ಎತ್ತಿದ ಮೇಲೆ ನಮ್ಮ ಮನೆಯವರು ಮಲಗುವಾಗಲೂ ಸೊಂಟಕ್ಕೆ ಬಟ್ಟೆ ಬಿಗಿಯತೊಡಗಿದರು. ಕೇಳಿದರೆ ಸೊಂಟ ಹಿಡಿದಿದೆ ಎನ್ನುತ್ತಿದ್ದರು. ಹೆಂಡತಿಯ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಂಥ ಗಂಟು. ಮಲಗಿದರೆ ಒಳಗೆ, ಎದ್ದರೆ ಹೊರಗೆ. ಕರುಳು ಇಳಿದಿತ್ತು. ನಮ್ಮೂರಲ್ಲಿ ಕರುಳು ಇಳಿದವನನ್ನು ಗಂಡಸೆಂದೇ ಎಣಿಸುವುದಿಲ್ಲ, ಕಲ್ಲೆತ್ತುವವನಂತೂ ಸತ್ತರೂ ಬಾಯಿ ಬಿಡುವುದಿಲ್ಲ. ಈ ವರ್ಷವೂ ಎತ್ತುವವನೇ ಎಂದು ಹಟ. ಹಬ್ಬ ಹತ್ತಿರ ಬಂದಂತೆ ನನಗೆ ಅನ್ನ ಸೇರದಾಯಿತು.

ಪಂಚಾಯತಿ ಸಭೆಯಲ್ಲಿ ಎದ್ದು ನಿಂತು, ಟಿಕೋಟಾದ ಡಾಕ್ಟರನ್ನು ಕರೆಸಿ ಊರ ಗಂಡಸರನ್ನೆಲ್ಲ ತೋರಿಸಬೇಕು ಎಂದೆ. ಅಧ್ಯಕ್ಷ ಸಂಗಣ್ಣನವರು ಜಂತಿ ನೋಡುತ್ತ ಕುಳಿತರು. ಗಂಡಸರ ಉಸಾಬರಿ ಹೆಣ್ಣುಮಕ್ಕಳಿಗೇಕೆ ಎಂದು ಹಿಂದಿನಿಂದ ಯಾರೋ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

"ಗಂಡಸ್ರು ಸತ್ರ ಕುಂಕುಮ ಅಳಸೂದು ಯಾರದ್ರಿ? ನಮ್ಮದಲ್ಲೇನ್ರಿ?" ಎಂದೆ.

ಜಂತಿ ನೋಡುವುದು ಬಿಟ್ಟು ಸಂಗಣ್ಣನವರೇ ಠರಾವು ಬರೆಸಿದರು.

ಜೀಪು ಬಂತು. ಬಂದದ್ದೇ ತಪ್ಪಾಯಿತು. ಹಿಂದಿನ ವರ್ಷಗಳಲ್ಲಿ ಇಂಥದೇ ಜೀಪಿನಲ್ಲಿ ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದ ಆಪರೇಷನ್ ಮಾಡಿದ ಸುದ್ದಿ ಇನ್ನೂ ಯಾರ ಎದೆಯಿಂದಲೂ ಇಳಿದಿಲ್ಲ ನೋಡು. ಧೂಳೆದ್ದದ್ದು ಕಂಡದ್ದೇ ತಡ, ಊರಲ್ಲಿ ಒಂದು ಮೀಸೆಯೂ ಉಳಿಯಲಿಲ್ಲ. ಕುರಿ ಹೊಡೆದುಕೊಂಡು ಎಲ್ಲರಿಗಿಂತ ಮುಂದೆ ಓಡಿದವರು ನಮ್ಮವರೇ. ಚಾವಡಿಯಲ್ಲಿ ಸಿಕ್ಕವನು ಮುದುಕ ಬುಡ್ಡೇಸಾಬ ಒಬ್ಬನೇ, ಅವನೂ ಮೊಣಕಾಲು ನೋವಿಗೆ ಓಡಲಾರದೆ ಕುಳಿತಿದ್ದ. ಡಾಕ್ಟರ್ ಅಂಬಾದಾಸ ಅವರು ಸಿಟ್ಟಾಗಲಿಲ್ಲ. ಮುಂದಿನ ಸಲ ಜೀಪು ಬಿಟ್ಟು ಬರುತ್ತೇನೆ, ಆದರೆ ಎಲ್ಲಿ ಕೂಡಲಿ ಹೇಳಿ ಎಂದರು.

ನಾನು ವಿಚಾರ ಮಾಡಿದೆ. ನಮ್ಮೂರ ಗಂಡಸು ನಾಚಿಕೆ ಬಿಟ್ಟು ಬಟ್ಟೆ ಬಿಚ್ಚುವುದು ಯಾರ ಮುಂದೆ? ತಾಲೀಮಿನಲ್ಲಿ ಹುಡುಗರಿಗೆ ಕಸರತ್ತು ಕಲಿಸುವ ವಸ್ತಾದ ಲಾಡಲೇಸಾಬ ಕಾಕಾನ ಮುಂದೆ ಮಾತ್ರ. ಕಾಕಾ ತನ್ನ ಕೈಯಿಂದ ಸೊಂಟಕ್ಕೆ ದಟ್ಟಿ ಕಟ್ಟದೆ ಯಾರೂ ಆ ಕಲ್ಲು ಮುಟ್ಟುವಂತಿಲ್ಲ, ನಿನಗೆ ಗೊತ್ತೇ ಇದೆ. ಸಂಗಣ್ಣನವರನ್ನು ಕರೆದುಕೊಂಡು ಹೋದೆ. ತಾಲೀಮಿನ ಹೊಸ್ತಿಲು ಹೆಂಗಸರು ದಾಟುವುದಿಲ್ಲ, ಹೊರಗೆ ನಿಂತೇ ಎಲ್ಲ ಹೇಳಿದೆ. ಕಾಕಾ ಒಳಗೆ ಹೋಗಿ ಹುಡುಗರ ಕಸರತ್ತು ನಿಲ್ಲಿಸಿ, ಹೊರಗಿದ್ದ ನನಗೂ ಕೇಳುವಂತೆ ಅಂದ:

"ಡಾಕ್ಟರ್ ನೋಡಲಾರದ ಸೊಂಟಕ್ಕ ನಾ ದಟ್ಟಿ ಕಟ್ಟಂಗಿಲ್ಲ. ಮೊದಲ ನನ್ನ ನೋಡ್ಲಿ."

ಡಾಕ್ಟರು ಬಸ್ಸಿನಲ್ಲಿ ಬಂದು ತಾಲೀಮಿನ ಕೆಂಪು ಮಣ್ಣಿನ ಮೇಲೆ ಕುಳಿತರು. ಬೇರೆ ಆಪರೇಷನ್ ಮಾತು ಬಂದರೆ ತಾನೇ ಅಡ್ಡ ನಿಲ್ಲುವುದಾಗಿ ಹೇಳಿ ಕಾಕಾ ಬಾಗಿಲಲ್ಲಿ ನಿಂತ. ಮುಂದಿನದನ್ನು ಕೇಳು, ನಗು ಬರುತ್ತದೆ. ಸಾಲಿನಲ್ಲಿ ನಿಲ್ಲದವನಿಗೆ ಏನೋ ಐಬಿದೆ ಎಂದು ಊರು ಆಡಿಕೊಳ್ಳತೊಡಗಿತು. ಜನ್ಮದಲ್ಲಿ ಕಲ್ಲು ಮುಟ್ಟದವರೂ ಬಂದು ನಿಂತರು. ಸಂಗಣ್ಣನವರು ಮೀಸೆ ತಿರುವುತ್ತಲೇ ಹೋಗಿ ಬಂದರು.

ನಮ್ಮವರು ಎಲ್ಲರಿಗಿಂತ ಕೊನೆಗೆ ಹೋದರು. ಮನೆಗೆ ಬಂದು ಒಲೆಯ ಹತ್ತಿರ ಕುಳಿತು, "ಕರಳ ಇಳದೈತಂತ," ಎಂದರು. ನಾನು ಏನೂ ತಿಳಿಯದವಳಂತೆ ಹೌದೇ ಎಂದೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರಿಗೂ ಅಳು ಬಂತು. ಆ ಹೊತ್ತು ಎದೆ ಎಷ್ಟು ಹಗುರಾಯಿತೆಂದು ಹೇಳಲಾರೆ.

ವಿಜಾಪುರದ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಆಯಿತು. ನನ್ನ ಜೊತೆ ಅವ್ವನೂ ಬಂದಿದ್ದಳು. ಆಕೆಯ ಸುದ್ದಿ ಕೊನೆಗೆ ಬರೆಯುತ್ತೇನೆ. ಕಾರಹುಣ್ಣಿಮೆಯ ದಿನ ನಮ್ಮವರು ಕಟ್ಟೆಯ ಮೇಲೆ ಕುಳಿತು, ಕಲ್ಲೆತ್ತುವವರಿಗೆಲ್ಲ ಗಂಟಲು ಹರಿಯುವಂತೆ ಕೂಗಿ ಹುರುಪು ತುಂಬಿದರು. ಬಟ್ಟೆ ಬಿಗಿದು ಮುಚ್ಚಿಟ್ಟ ಅದೇ ಮನುಷ್ಯ ಈಗ ಹಾದಿಯಲ್ಲಿ ಹೋಗುವವರನ್ನು ಕರೆದು ಹೊಲಿಗೆ ತೋರಿಸಲು ಹೊರಡುತ್ತಾರೆ. ಹೆಂಗಸರ ಮುಂದೆ ಬೇಡ ಎಂದು ಹೇಳಿ ಸಾಕಾಗಿದೆ. ಅವರನ್ನು ನೋಡಿ ಇನ್ನೂ ಕೆಲವರು ವಿಜಾಪುರಕ್ಕೆ ಹೋಗಿ ಬಂದರು.

ಹೋದ ವಾರ ತಾಲೂಕಾ ಬೋರ್ಡಿನವರು ಕರೆಸಿ, ಕುರ್ಚಿ ಕೊಟ್ಟು ಕೂಡಿಸಿ, ಎಲ್ಲ ಕೇಳಿದರು. ಇನ್ನು ಟಿಕೋಟಾ, ಬಬಲೇಶ್ವರದ ಕಡೆಯ ಎಲ್ಲ ತಾಲೀಮುಗಳಲ್ಲೂ ಇದೇ ಪದ್ಧತಿಯಂತೆ. ನಿಮ್ಮ ಕಾಖಂಡಕಿಗೂ ಡಾಕ್ಟರು ಬರುತ್ತಾರೆ. ನಿನ್ನ ತಮ್ಮಂದಿರನ್ನು ಮೊದಲ ದಿನವೇ ಕಳಿಸು, ನಾಚಿದರೆ ಕಿವಿ ಹಿಡಿದು ಕಳಿಸು.

ಮಗಳಿಗೆ ನನ್ನ ಆಶೀರ್ವಾದ. ಆಕೆ ನಮ್ಮಿಬ್ಬರಿಗಿಂತ ಹೆಚ್ಚು ಸಾಲೆ ಕಲಿಯಲಿ, ತಲೆ ಎತ್ತಿ ಬಾಳಲಿ. ಬೀರಪ್ಪ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ
ಸಕ್ರವ್ವ

ತಾ.ಕ.: ಅವ್ವನ ಸುದ್ದಿ. ದವಾಖಾನೆಯ ಪಡಸಾಲೆಯಲ್ಲಿ ನಾನು ಡಾಕ್ಟರನ್ನು ಕೇಳಿದೆ, ಆಪರೇಷನ್ ಮಾಡಿಸದಿದ್ದರೆ ಏನಾಗುತ್ತಿತ್ತು ಎಂದು. ಇಳಿದ ಕರುಳು ಅಲ್ಲೇ ಸಿಕ್ಕಿಬಿದ್ದರೆ ಹೊಟ್ಟೆ ಉಬ್ಬುತ್ತದೆ, ವಾಂತಿ ನಿಲ್ಲುವುದಿಲ್ಲ, ನೋಡನೋಡುತ್ತ ಮನುಷ್ಯ ಹೋಗಿಬಿಡುತ್ತಾನೆ ಎಂದರು. ಅಮಸಿದ್ದ ಅಣ್ಣ ಹಾಗೆಯೇ ಹೋದ ಬೋರವ್ವ. ಅವನೂ ಸೊಂಟಕ್ಕೆ ಬಟ್ಟೆ ಬಿಗಿಯುತ್ತಿದ್ದ. ಜೋಳದ ಚೀಲ ಎತ್ತಿ ಬಂದು ಉಣ್ಣಲು ಕುಳಿತವನು ಹೊಟ್ಟೆ ಹಿಡಿದುಕೊಂಡ. ಅದನ್ನೆಲ್ಲ ಡಾಕ್ಟರಿಗೆ ಹೇಳಿದವಳು ಅವ್ವನೇ. ಅದೇ ಇರಬೇಕು ಎಂದು ಡಾಕ್ಟರು ಅಂದಾಗ ಆಕೆ ಸೆರಗು ಮುಖಕ್ಕೆ ಎಳೆದುಕೊಂಡಳು. ಊಟದಲ್ಲಿ ಮದ್ದು ಹಾಕಿ ಮಗನನ್ನು ಕೊಂದಳು ಎಂದು ಹೆಣದ ಮುಂದೆ ನಿನ್ನ ಕಡೆ ಕೈ ಮಾಡಿದವಳು ಆಕೆ. ಅಂದಿನಿಂದ ನೀನು ತವರಿಗೆ ಹೋಗುವವರೆಗೂ ನೀನು ಮುಟ್ಟಿದ ನೀರನ್ನೂ ಕುಡಿಯದವಳು ಆಕೆ.

ಗುರುವಾರದ ಬಸ್ಸಿಗೆ ಅವ್ವ ಕಾಖಂಡಕಿಗೆ ಬರುತ್ತಾಳೆ, ಒಬ್ಬಳೇ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು, ನಾನು ಏನೂ ಹೇಳಲಾರೆ. ಬುತ್ತಿ ಕಟ್ಟಿಕೊಡುತ್ತೇನೆ ಎಂದೆ. ಬೇಡ ಎಂದಳು.

"ಬೋರವ್ವ ನೀಡಿದ್ರ ಉಣ್ತೀನಿ. ನೀಡಲಿಲ್ಲಂದ್ರ ಉಪಾಸ ತಿರಗಿ ಬರ್ತೀನಿ."