ಮೀಸೆ ಹಾವಿನ ಹಸಿವು

ಸೆಪ್ಟೆಂಬರ್ 12
ಇವತ್ತೂ ತಿನ್ನಲಿಲ್ಲ. ಐದು ಮೀನು ಬಿಟ್ಟಿದ್ದೆ, ಐದೂ ನೀರು ತುಂಬಿದ ಹಳೆಯ ಐಸ್ ಪೆಟ್ಟಿಗೆಯ ಮೂಲೆಯಲ್ಲಿ ಸುತ್ತುತ್ತಿವೆ. ನೀರು ಬದಲಿಸಿದೆ. ಎತ್ತಿಕೊಂಡರೆ ಎಂದಿನಂತೆ ಕಟ್ಟಿಗೆಯ ಹಾಗೆ ಸೆಟೆದರು. ಮೂತಿಯ ಎರಡು ಮೀಸೆ ಮಾತ್ರ ಮೆತ್ತಗೆ. ಬೆನ್ನ ಮೇಲಿನ ಪಾಚಿ ಒರೆಸಲಿಲ್ಲ.

ಹಾವು ಎಂದು ಬರೆಯಲು ಕೈ ಬರುವುದಿಲ್ಲ. ಗಂಡ ಸಾರಿನ್ ತೀರಿಹೋದ ನೂರನೆಯ ದಿನ, ಭಿಕ್ಷುಗಳ ಊಟ ಮುಗಿದ ಮೇಲೆ, ಮೈದುನ ರಿತ್ತಿ ತನ್ನಣ್ಣನ ಬಲೆ ಎತ್ತಿದ. ಅದರಲ್ಲಿ ಬಂದವರು ಇವರು. ನನ್ನ ಗಂಡನಿಗೂ ಇಂಥದೇ ತೆಳು ಮೀಸೆ.

ಸೆಪ್ಟೆಂಬರ್ 13
ರಿತ್ತಿ ದೋಣಿ ಕಟ್ಟಿ ಒಳಗೆ ಬಂದ. ಪೆಟ್ಟಿಗೆ ಇಣುಕಿದ. ಮೂರು ವಾರದಿಂದ ತಿಂದಿಲ್ಲ ಎಂದೆ. ಸಾಯುವ ಮೊದಲೇ ಮೊಸಳೆ ಸಾಕುವವರಿಗೆ ಕೊಟ್ಟುಬಿಡೋಣ ಎನ್ನುತ್ತಾನೆ. ಅವನು ಹಿಡಿಯುವ ಹಾವೆಲ್ಲ ಹೋಗುವುದು ಅಲ್ಲಿಗೇ, ಮೊಸಳೆಗಳ ಹೊಟ್ಟೆಗೆ. ಈ ಜಾತಿ ಅವನ ಬಲೆಗೆ ವರ್ಷಕ್ಕೊಂದು ಬಿದ್ದರೆ ಹೆಚ್ಚು.

ಹಬ್ಬ ಮುಗಿಯಲಿ ಎಂದೆ. ಮುಚ್ಚಳ ಹಾಕಿ ಹೊರಟ.

ಸೆಪ್ಟೆಂಬರ್ 15
ಪ್ಚುಂ ಬೆನ್ ಶುರು. ಸತ್ತವರು ಹಸಿದು ಬರುವ ಹದಿನೈದು ದಿನ. ಅವರ ಬಾಯಿ ಸೂಜಿಯ ಕಣ್ಣಿನಷ್ಟು, ನಾವು ಎಸೆದ ಅನ್ನದುಂಡೆ ಬಿಟ್ಟರೆ ಬೇರೆ ಇಳಿಯುವುದಿಲ್ಲ. ಏಳು ವಿಹಾರ ಸುತ್ತಿಯೂ ತಮ್ಮವರ ಉಂಡೆ ಸಿಗದಿದ್ದರೆ...

ಹೊಳೆಯಿತು. ಇವರು ತಿನ್ನದಿರುವುದು ಅದಕ್ಕೇ. ಏಳೂ ಕಡೆ ಹೋಗಬೇಕು.

ಸೆಪ್ಟೆಂಬರ್ 21
ನಾಲ್ಕು ವಿಹಾರ ಆಯಿತು. ಹೋಗುವ ದಿನ ನಸುಕಿಗೇ ರಿತ್ತಿಯ ದೋಣಿ. ಮಳೆಗಾಲಕ್ಕೆ ಉಕ್ಕಿದ ಸರೋವರದಲ್ಲಿ ಮುಳುಗಿದ ಮರಗಳ ತುದಿ ಹಿಡಿದು ದಾರಿ. ಎಲೆಗಳ ನಡುವೆ ಮೀನು ಓಡಾಡುತ್ತಿರುತ್ತವೆ, ಹಕ್ಕಿಗಳ ಹಾಗೆ. ನಾವು ಆಕಾಶದಲ್ಲಿ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಎಳ್ಳು ಹಾಕಿದ ಉಂಡೆ. ಭಿಕ್ಷು ಸಾರಿನ್ ಹೆಸರು ಓದಿದಾಗ ನೀರಿನ ಕಡೆ ನೋಡಿದೆ.

ಮನೆಗೆ ಬಂದು ಮೀನು ಬಿಟ್ಟೆ. ಕಾದೆ. ತಿನ್ನುವಾಗ ನೋಡಬೇಕು ಇವರನ್ನು — ಮೈ ಒಂದು ಕಡೆ ಅಲುಗಿಸುತ್ತಾರೆ, ಬೆದರಿದ ಮೀನು ಓಡುವುದು ನೇರ ಬಾಯಿಗೇ. ಸಾರಿನ್ ಮೀನು ಹಿಡಿಯುತ್ತಿದ್ದುದೂ ಹೀಗೇ. ಆ ಕಡೆ ಹುಟ್ಟು ಬಡಿದು, ಈ ಕಡೆ ಬಲೆ.

ಅಲುಗಲಿಲ್ಲ.

ಸೆಪ್ಟೆಂಬರ್ 26, ಸಂಜೆ
ಏಳನೆಯದೂ ಆಯಿತು. ತಿನ್ನಲಿಲ್ಲ. ಇನ್ನೆಲ್ಲಿ ತಪ್ಪಿದೆ. ಪಕ್ಕದ ತೇಲುಮನೆಯ ಪೇವ್ ಅಜ್ಜಿ ಬಂದು ಕೂತರು. ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ, ಇವರು ಯಾರೆಂದು. ಅಜ್ಜಿ ನಗಲಿಲ್ಲ. ಪೆಟ್ಟಿಗೆಯ ಮುಂದೆ ಕೈ ಮುಗಿದರು. ಆಮೇಲೆ ಬಹಳ ಹೊತ್ತು ನೋಡುತ್ತ ಕೂತರು.

"ಥಿದಾ, ನಿನ್ನ ಗಂಡ ಬಡಕಲು ಕಣೇ. ಇದ್ಯಾಕೆ ಇಷ್ಟು ದಪ್ಪ?"

ಸೆಪ್ಟೆಂಬರ್ 28
ಬೆಳಿಗ್ಗೆ ಮುಚ್ಚಳ ತೆಗೆದೆ. ನೀರಿನಲ್ಲಿ ಒಣಹುಲ್ಲಿನ ಕಡ್ಡಿಗಳು ಬಿದ್ದಿವೆ ಅಂದುಕೊಂಡೆ. ಒಂದು ತಿರುಗಿ ನೋಡಿತು. ಎಲ್ಲಕ್ಕೂ ಮೀಸೆ. ಏಳು ಮರಿ.

ಅಜ್ಜಿಯನ್ನು ಕೂಗಿದೆ. ಬಂದರು, ಎಣಿಸಿದರು, ಸೊಂಟದ ಮೇಲೆ ಕೈಯಿಟ್ಟರು.

"ಬಾಣಂತನ ಮಾಡೇ ಈಗ. ನಿನ್ನ ಗಂಡ ಹೆತ್ತಿದ್ದಾನೆ."

ನಕ್ಕೆ. ಎಷ್ಟು ನಕ್ಕೆನೆಂದರೆ ನೆಲದ ಬಿದಿರು ಅಲ್ಲಾಡಿತು. ಸಾರಿನ್ ಹೋದ ಫೆಬ್ರುವರಿಯಿಂದ ನಕ್ಕಿರಲಿಲ್ಲ. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅಜ್ಜಿ ಬೆನ್ನು ಸವರುತ್ತಿದ್ದರು.

ಮಧ್ಯಾಹ್ನ ಮೀನು ಬಿಟ್ಟೆ. ಮೈ ಅಲುಗಿಸಿದಳು. ಮೂರು ತಿಂದಳು.

ಸೆಪ್ಟೆಂಬರ್ 29
ಹಬ್ಬದ ಕೊನೆ. ಬಾಳೆದಿಂಡಿನ ಪುಟ್ಟ ದೋಣಿ ಮಾಡಿದೆ. ಅನ್ನ, ಎಳ್ಳು, ಒಂದು ಸಿಗರೇಟು. ಇದನ್ನು ಹತ್ತಿ ಹಿರಿಯರೆಲ್ಲ ವಾಪಸು ಹೋಗಬೇಕು. ರಿತ್ತಿ ಮುಳುಗಿದ ಮರಗಳ ತನಕ ಹುಟ್ಟು ಹಾಕಿದ. ಮೊಸಳೆಯ ಮಾತು ಎತ್ತಲಿಲ್ಲ.

ದೋಣಿ ತೇಲಿಬಿಟ್ಟೆ. ಆಮೇಲೆ ಪೆಟ್ಟಿಗೆ ವಾಲಿಸಿದೆ. ತಾಯಿ ಒಂದು ಕೊಂಬೆಗೆ ಬಾಲ ಸುತ್ತಿದಳು, ಕೊಂಬೆಯೇ ಆಗಿಬಿಟ್ಟಳು. ಮರಿಗಳು ಎಲೆಗಳೊಳಗೆ.

"ಹೊಟ್ಟೆ ತುಂಬ ಊಟ ಮಾಡಿ ಹೋಗಿ," ಎಂದೆ. ಹಾವಿಗಲ್ಲ.

ಮನೆಗೆ ಬಂದು ಪೆಟ್ಟಿಗೆ ತೊಳೆಯುವಾಗ ಅಂಚಿಗೆ ಅಂಟಿಕೊಂಡು ಒಂದು ಮರಿ. ಬೆರಳಿಗೆ ಎತ್ತಿಕೊಂಡೆ. ಕಡ್ಡಿಯ ಹಾಗೆ ಸೆಟೆಯಿತು.

ಇದಕ್ಕೆ ತೀರ ಸಣ್ಣ ಮೀನು ಬೇಕು. ರಿತ್ತಿಯ ಬಲೆಯಲ್ಲಿ ನಿಲ್ಲುವುದಿಲ್ಲ. ಸಾರಿನ್‌ನ ಕೈಬಲೆ ಮಾಡಿನಿಂದ ಇಳಿಸಿದೆ. ಎರಡು ಕಡೆ ಹರಿದಿದೆ. ನೂಲು ಇದೆ, ಸೂಜಿ ಎಲ್ಲಿಟ್ಟೆನೋ... ಬೆಳಕಿರುವಾಗಲೇ ಕೂತರೆ —