ಅಂಗೈಗೆ ಹೇಳಿದ ಸುಳ್ಳು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಆರು ಅಂಗಿಗೆ ಗುಂಡಿ ತೂರಿಸುವ ಕಾಜಾ ಹೊಲಿದು ಮುಗಿಸಿದೆ. ಇನ್ನೂ ನಾಲ್ಕಿವೆ. ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಯಿತು. ನನ್ನ ಕಣ್ಣಿಗೂ ವಯಸ್ಸಾಯಿತು, ಆದರೆ ಈ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಕಣ್ಣು ಕಳೆದುಕೊಂಡು ಹನ್ನೊಂದು ವರ್ಷವಾದ ತಮ್ಮ ಕೆಳಗಿನ ಅಂಗಡಿಯಲ್ಲಿ ಹಾಡಿಕೊಂಡು ಬೀಗ ಬಿಚ್ಚುತ್ತಿದ್ದಾನೆ.

ಊರೂರಿಗೆ ಕಾಗದ ಬರೆದ ಕೈ ಇದು. ತಾರೀಖು ಹಾಕಿದರೆ ಸಾಕು, ‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಹೊರಡುತ್ತದೆ. ಈ ಡೈರಿಯಲ್ಲಿ ಯಾರಿಗೆ?

ಶುಕ್ರವಾರ ಕಪ್ತಾನನ ಸಿನಿಮಾದ ಒಂಬತ್ತನೆಯ ಭಾಗ ಬಿಡುಗಡೆ. ಮೊದಲನೆಯದು ಬಂದಾಗ ನನಗೆ ಇಪ್ಪತ್ತನಾಲ್ಕು, ತಮ್ಮನಿಗೆ ಹತ್ತೊಂಬತ್ತು. ಏಳರವರೆಗೂ ಒಬ್ಬರೇ ತೆಗೆದರು. ಅವರು ತೀರಿಕೊಂಡ ಮೇಲೆ ಹದಿನೆಂಟು ವರ್ಷ ಏನೂ ಇಲ್ಲ. ಹೋದ ವರ್ಷಕ್ಕೆ ಹಿಂದಿನ ವರ್ಷ ಯಾರೋ ಹೊಸಬರು ಎಂಟನೆಯದನ್ನು ಮಾಡಿದರು. ಮೊದಲ ಹತ್ತು ನಿಮಿಷದಲ್ಲೇ ಹಡಗಿನ ಅಡುಗೆಯವನನ್ನು ಸಾಯಿಸಿದರು. ಏಳು ಭಾಗ ಕಪ್ತಾನನಿಗೆ ಬೈದು ಬೈದು ಉಣಿಸಿದವನು! ಹೆಣವನ್ನೂ ತೋರಿಸಲಿಲ್ಲ. ಯಾರೋ ಫೋನಿನಲ್ಲಿ ಹೇಳಿದರು, ಅಷ್ಟೆ.

ಎದುರಿನ ಕ್ಷೌರದಂಗಡಿಯವನು ಅದಕ್ಕೆ ಒಂದು ವಾರ ಕನ್ನಡಿಗೆ ಬೈದ. “ಹುಲಿ ನೋಡಿ ನರಿ ಮೈಗೆ ಬರೆ ಹಾಕ್ಕೊಂಡ ಹಾಗಾಯ್ತು ಅಕ್ಕಾವ್ರೇ!” ಅವನೂ ತಮ್ಮನೂ ಮೊದಲ ಭಾಗದ ಕ್ಯೂನಲ್ಲಿ ಜಗಳವಾಡಿ ಸ್ನೇಹಿತರಾದವರು. ಬೀಗ ರಿಪೇರಿಯವನೆಂದು ತಮ್ಮನನ್ನು ‘ಬೀಗರೇ’ ಎನ್ನುತ್ತಾನೆ, ಗಂಡಿನ ಕಡೆಯವನ ಹಾಗೆ ಉಪಚಾರವನ್ನೂ ಕೇಳುತ್ತಾನೆ. ತಮ್ಮನಿಗೆ ಅವನು ‘ಕತ್ತರಿ’.

ಈಗ ತಾನೇ ಬಂದಿದ್ದ.

“ಏನ್ ಬೀಗ್ರೇ, ಈ ಸಲಾನೂ ಮೂಗು ಕುಯ್ಸ್ಕೊಳೋಕೆ ಹೋಗೋದೇನಾ?”

“ಹೋಗ್ದೆ? ಅವ್ರು ಏನ್ ಬೇಕಾದ್ರೂ ಮಾಡ್ಲಿ. ಕೊನೇಲಿ ಕಪ್ತಾನ ತಿರುಗಿ ನೋಡ್ತಾನಲ್ಲ, ನಂಗಷ್ಟು ಸಾಕು.”

ಪ್ರತಿ ಭಾಗದ ಕೊನೆಗೂ ಹಡಗು ಬಂದರು ಬಿಡುತ್ತದೆ. ಮಾತಿಲ್ಲ, ಬರೀ ಸಂಗೀತ. ಕಪ್ತಾನ ಬೆನ್ನು ಹಾಕಿ ನಿಂತಿರುತ್ತಾನೆ. ಹತ್ತು ಎಣಿಸಬೇಕು… ಟೋಪಿ ತೆಗೆದು ದಡದ ಕಡೆಗೆ ಒಂದು ಸಲ ತಿರುಗುತ್ತಾನೆ. ಆಗ ಥಿಯೇಟರಿನ ಸೂರು ಹಾರಬೇಕು, ಆ ಶಿಳ್ಳೆ. ಎಂಟನೆಯದರಲ್ಲೂ ಅದೊಂದನ್ನು ಮುಟ್ಟಿರಲಿಲ್ಲ.

ಮಾರ್ಚ್ 7, ಶುಕ್ರವಾರ. ಸಂಜೆ ಆರು

ಮ್ಯಾಟಿನಿ ಮುಗಿಸಿ ಬಂದೆವು. ಕೈ ಇನ್ನೂ ಬಿಸಿಯಾಗಿದೆ.

ಪಕ್ಕದವರಿಗೆ ತೊಂದರೆಯಾಗಬಾರದೆಂದು ನಾವು ಬಾಯಿ ಮುಚ್ಚಿ ಬೆರಳಲ್ಲಿ ಮಾತಾಡುತ್ತೇವೆ. ತಮ್ಮನ ಅಂಗೈ ನನ್ನ ಕೈಯಲ್ಲಿ. ಒಮ್ಮೆ ಒತ್ತಿದರೆ, ಯಾರೋ ಬಂದರು. ಎರಡು ಸಲ, ಹೋದರು. ಒತ್ತಿ ಹಿಡಿದರೆ ಸುಮ್ಮನೆ ನಿಂತಿದ್ದಾರೆ. ಹೆಬ್ಬೆರಳಿನಿಂದ ಅರ್ಧ ಸುತ್ತು, ಬೀಗದ ಕೈ ತಿರುಗಿಸಿದ ಹಾಗೆ—ತಿರುಗಿ ನೋಡಿದರು. ಎಲ್ಲ ಅವನೇ ಕಟ್ಟಿದ ಲೆಕ್ಕ. ಉಳಿದದ್ದನ್ನು ಮಾತು, ಸಂಗೀತ ಕೇಳಿ ಅವನೇ ತುಂಬಿಕೊಳ್ಳುತ್ತಾನೆ.

ಸಿನಿಮಾ… ಏನು ಬರೆಯಲಿ. ಹೆಸರು ಅದೇ, ಟೋಪಿ ಅದೇ, ಒಳಗೆ ಆಳೇ ಇಲ್ಲ. ಬಿರುಗಾಳಿಯಲ್ಲಿ ಹಡಗಿನವರನ್ನೆಲ್ಲ ಬಿಟ್ಟು ತಾನೊಬ್ಬನೇ ದೋಣಿಗೆ ಇಳಿಯುತ್ತಾನೆ! ಅದನ್ನೂ ಇದ್ದ ಹಾಗೆ ಒತ್ತಿ ಹೇಳಿದೆ. ತಮ್ಮನ ಕೈ ಸೆಟೆದುಕೊಂಡಿತು.

ಕೊನೆಗೆ ಹಡಗು ಹೊರಟಿತು. ಒತ್ತಿ ಹಿಡಿದೆ. ಹತ್ತು ಆಯಿತು. ಹದಿನೈದಾಯಿತು. ತಮ್ಮನ ಅಂಗೈ ಬೆವರಿ ಅಗಲವಾಗಿ ಬಿಚ್ಚಿಕೊಂಡಿತ್ತು. “ಈಗ ಅಕ್ಕ, ಈಗ,” ಎಂದ, ಹತ್ತೊಂಬತ್ತರ ಹುಡುಗನ ದನಿ.

ಕಪ್ತಾನ ತಿರುಗಲಿಲ್ಲ. ಪರದೆ ಕಪ್ಪಾಯಿತು.

ನನ್ನ ಹೆಬ್ಬೆರಳು ಅರ್ಧ ಸುತ್ತು ತಿರುಗಿತು.

ಹ್ಞಾ ಎಂದು ಉಸಿರು ಬಿಟ್ಟ. “ಯಾರೂ ಶಿಳ್ಳೆ ಹೊಡೀಲಿಲ್ವಲ್ಲ?”

“ಈಗಿನೋರಿಗೆ ಏನ್ ಗೊತ್ತಪ್ಪಾ,” ಎಂದೆ. ಒಂದು ಸುಳ್ಳಿಗೆ ಜೊತೆ ಇನ್ನೊಂದು.

ಜೊತೆಗೆ ಬಂದಿದ್ದ ಕತ್ತರಿ ಸಿಟ್ಟಿನಲ್ಲಿ ನಮಗೂ ಕಾಯದೆ ಹೊರಟುಹೋಗಿದ್ದ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಆಗಬಾರದ್ದು ಆಗಿಹೋಯಿತು. ಕಿಟಕಿಯ ಹತ್ತಿರ ಗುಂಡಿ ಹೊಲಿಯುತ್ತಿದ್ದೆ, ಎಲ್ಲ ಕೇಳಿಸಿತು. ತಮ್ಮ ಕತ್ತರಿಯ ಅಂಗಡಿಯ ಬಾಗಿಲಲ್ಲಿ ನಿಂತಿದ್ದ.

“ಬೆನ್ನು ತೋರ್ಸಿ ಹೋದ್ನಲ್ಲ ಬೀಗ್ರೇ! ನಲವತ್ತು ವರ್ಷ ಕಾದೋರಿಗೆ ಬೆನ್ನು!”

“ತಿರುಗಿದ ಕಣೋ. ನೀನು ಅಷ್ಟರಲ್ಲಿ ಎದ್ದು ಹೋಗಿರ್ಬೇಕು.”

“ಬಾಗ್ಲಲ್ಲಿ ನಿಂತು ಕೊನೇವರ್ಗೂ ನೋಡಿದೀನಿ. ತಿರುಗ್ಲಿಲ್ಲ.”

“ತಿರುಗಿದ ಅಂದ್ರೆ ತಿರುಗಿದ! ಹೊಸಬರು ಏನ್ ಕೊಟ್ರೂ ನಿಂಗೆ ಹುಳುಕೇ ಕಾಣತ್ತೆ.”

ಗಿರಾಕಿ ಮುಖದ ತುಂಬ ನೊರೆ ಮೆತ್ತಿಕೊಂಡು ಇಬ್ಬರನ್ನೂ ನೋಡುತ್ತಿದ್ದ.

“ಕಾಣತ್ತೆ ಕಣೋ, ನಂಗೆ ಕಣ್ಣಿದೆ! ಕುರುಡ, ನೀನೇನ್ ನೋಡ್ದೆ?”

ಹನ್ನೊಂದು ವರ್ಷದಲ್ಲಿ ಆ ಪದ ಅವನ ಬಾಯಿಂದ ಬಂದಿರಲಿಲ್ಲ. ತಮ್ಮ ಕೋಲು ತಟ್ಟುತ್ತ ರಸ್ತೆ ದಾಟಿ, ಮೆಟ್ಟಿಲು ಹತ್ತಿ ಬಂದು ನೀರು ಕೇಳಿದ. ಆಗಲೇ ಹೇಳಬೇಕಿತ್ತು. ನೀರು ಕೊಟ್ಟೆ.

ಮಾರ್ಚ್ 12, ಬುಧವಾರ

ತಮ್ಮ ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಾನೆ. ಎದುರಿನವನು ಪರದೆ ಎಳೆದುಕೊಂಡಿದ್ದಾನೆ. ತಮ್ಮನ ಗಡ್ಡ ಬೆಳೆಯುತ್ತಿದೆ. ಬೇರೆ ಅಂಗಡಿಗೆ ಹೋಗುವವನಲ್ಲ.

ಹೇಳಿಬಿಡೋಣವೆಂದು ಎರಡು ಸಲ ಮೆಟ್ಟಿಲಿಳಿದೆ. ಎರಡು ಸಲವೂ ಕಾಫಿ ಬೇಕಾ ಎಂದು ಕೇಳಿ ಹತ್ತಿ ಬಂದೆ.

ಮಾರ್ಚ್ 19, ಬುಧವಾರ

ತಡೆಯಲಾಗದೆ ಕತ್ತರಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ಗಿರಾಕಿಯ ಕುರ್ಚಿಯಲ್ಲಿ ತಾನೇ ಕುಸಿದು ಕೂತ.

“ನೀವಾ ಅಕ್ಕಾವ್ರೇ…” ಬಹಳ ಹೊತ್ತು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ಕಿತ್ತ. “ಅವನಿಗೆ ಹೇಳ್ಬೇಡಿ. ನಿಮ್ಮ ಬೆರಳು ನಂಬ್ಕೊಂಡಿದಾನೆ, ಅದೂ ಹೋದ್ರೆ ಏನಿದೆ ಅವನಿಗೆ? ನಾನೇ ಸೋತೆ ಅಂತೀನಿ ಬಿಡಿ. ಅಂಥ ಮಾತು ಆಡಿದೀನಲ್ಲ, ಇಷ್ಟಾದ್ರೂ ಮಾಡ್ತೀನಿ.”

ಬೇಡ ಎನ್ನಬೇಕಿತ್ತು. ಎದೆ ಹಗುರಾಯಿತು ನನಗೆ. ಅದಕ್ಕೇ ನಾಚಿಕೆ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಕತ್ತರಿ ಟವೆಲು, ರೇಜರು ಹಿಡಿದು ತಾನಾಗಿ ಬಂದ. ತಮ್ಮನ ಗಡ್ಡಕ್ಕೆ ನೊರೆ ಹಚ್ಚಿದ. ತಮ್ಮ ಗದ್ದ ಎತ್ತಿ ಕೊಟ್ಟ. ನಾನು ಮೆಟ್ಟಿಲ ಮೇಲಿದ್ದೆ. ಅರ್ಧ ಮುಖ ಆಗಿತ್ತು.

“ತಿರುಗಿದ ಬೀಗ್ರೇ. ಇನ್ನೊಂದ್ಸಲ ಹೋಗಿ ನೋಡ್ಕೊಂಡ್ ಬಂದೆ. ನಂದೇ ತಪ್ಪು.”

ತಮ್ಮ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದ. “ಕತ್ತರಿ, ನಲವತ್ತು ವರ್ಷದಲ್ಲಿ ಒಂದ್ಸಲ ‘ನಂದೇ ತಪ್ಪು’ ಅಂದಿದೀಯಾ?”

“ಈಗ ಅಂದ್ನಲ್ಲ.”

“ಅದಕ್ಕೇ ಕೇಳ್ತಿದೀನಿ. ನೀನು ಸೋತೆ ಅಂದ್ರೆ ಅದು ಸುಳ್ಳೇ ಕಣೋ. ತಿರುಗ್ಲಿಲ್ಲ, ಅಲ್ವಾ?”

ಕತ್ತರಿ ರೇಜರು ಒರೆಸಿದ. ತಮ್ಮ ಅರ್ಧ ನೊರೆಯ ಮುಖವನ್ನು ಮೆಟ್ಟಿಲ ಕಡೆ ಮಾಡಿದ. “ಅಕ್ಕಾ?”

“ಇಲ್ಲ,” ಎಂದೆ. “ತಿರುಗ್ಲಿಲ್ಲ.”

ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. “ಬಾಯಲ್ಲಿ ಹೇಳಿದ್ರೆ ಬಿಡು, ಬಾಯಿ ಅಂದ್ಮೇಲೆ ಸುಳ್ಳು ಬರತ್ತೆ. ಕೈಯಲ್ಲಿ ಹೇಳ್ಬಾರ್ದಿತ್ತು ಅಕ್ಕ.” ಆಮೇಲೆ ಕತ್ತರಿಗೆ, “ಆ ಕಡೆ ಕೆನ್ನೇನೂ ಮುಗ್ಸೋ. ಜನ ನೋಡಿದ್ರೆ ನಗ್ತಾರೆ.”

ಮಾರ್ಚ್ 25, ಮಂಗಳವಾರ

ಅವರಿಬ್ಬರೂ ಮೊದಲಿನ ಹಾಗೆ ಕೂಗಾಡುತ್ತಿದ್ದಾರೆ. ತಮ್ಮ ನನ್ನ ಹತ್ತಿರವೂ ಮಾತಾಡುತ್ತಾನೆ, ಬೇಕಾದಷ್ಟು. ಆದರೆ ಇವತ್ತು ರಸ್ತೆ ದಾಟುವಾಗ ಕೈ ಚಾಚಿದೆ, ಹಿಡಿಯಲಿಲ್ಲ. ಕೋಲಿದೆಯಲ್ಲ ಎಂದ.

ಮೂರು ಕಾಜಾ ಹಾಳು ಮಾಡಿದೆ. ಬಿಚ್ಚಿ ಮತ್ತೆ ಹಾಕಬೇಕು.

ಮಾರ್ಚ್ 27, ಗುರುವಾರ. ಸಂಜೆ

“ನಾಳೆ ಸಿನಿಮಾ ಎತ್ತಂಗಡಿಯಂತೆ. ಹೋಗೋಣ ನಡಿ,” ಎಂದ ತಮ್ಮ ತಾನಾಗಿ. “ಈ ಸಲ ಇದ್ದದ್ದು ಇದ್ದ ಹಾಗೆ.”

ಮೂವರೂ ಹೋದೆವು. ಹಾಲ್ ಖಾಲಿ ಹೊಡೆಯುತ್ತಿತ್ತು. ಇಂಟರ್ವಲ್‌ವರೆಗೂ ತಮ್ಮ ಎರಡು ಕೈಯನ್ನೂ ಕೋಲಿನ ಮೇಲೇ ಇಟ್ಟುಕೊಂಡಿದ್ದ. ನಾನೂ ಮುಟ್ಟಲಿಲ್ಲ. ಆಮೇಲೆ, ಬಿರುಗಾಳಿಯ ಹೊತ್ತಿಗೆ, ಅಂಗೈ ಬಿಚ್ಚಿ ನನ್ನ ಮಡಿಲಲ್ಲಿಟ್ಟ. ಒಂದು ಕ್ಷಣ ಪರದೆಯೇ ಕಾಣಲಿಲ್ಲ ನನಗೆ.

ಎಲ್ಲ ಹೇಳಿದೆ. ಕೊನೆಗೆ ಒತ್ತಿ ಹಿಡಿದೆ. ತಮ್ಮ ಎಣಿಸುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಹತ್ತು ದಾಟಿತು. ಹೆಬ್ಬೆರಳನ್ನು ಕದಲಿಸಲಿಲ್ಲ.

“ಹೋದ್ನಾ?”

ಎರಡು ಸಲ ಒತ್ತಿದೆ.

“ಹೋಗ್ಲಿ ಬಿಡು. ಅವನು ನಮ್ಮೋನಲ್ಲ.” ಪಕ್ಕದಲ್ಲಿ ಕತ್ತರಿ ಜೋರಾಗಿ ಮೂಗು ಸೀಟಿದ.

ದೀಪ ಹತ್ತಿತು. ಕತ್ತರಿ ಎದ್ದು ಬಾಗಿಲ ಕಡೆ ನಡೆದ. ತಮ್ಮ ಏಳಲಿಲ್ಲ. ಬೆಳಕು-ಕತ್ತಲೆಯಷ್ಟು ಅವನಿಗೆ ತಿಳಿಯುತ್ತದೆ. ದೀಪ ಹತ್ತಿದ ಕೂಡಲೇ ಎಲ್ಲರಿಗಿಂತ ಮೊದಲು ಏಳುವವನು ಅವನೇ. ಇವತ್ತು ಪರದೆಯ ಕಡೆಗೇ ಮುಖ ಮಾಡಿ ಕೂತಿದ್ದ. ಗುಡಿಸುವವಳು ಬಂದು ಮುಂದಿನ ಎರಡು ಸಾಲು ಮುಗಿಸಿದಳು.

“ದೀಪ ಇನ್ನೂ ಹಾಕಿಲ್ವಾ ಅಕ್ಕ?”

ಇಲ್ಲ ಎನ್ನಲು ಬಾಯಿ ತೆರೆದೆ. ಅಂಗೈ ನನ್ನ ಕೈಯಲ್ಲೇ ಇತ್ತು.

“ಹಾಕಿದಾರೆ ಕಣೋ. ಆಗ್ಲೇ ಹಾಕಿದಾರೆ.”

ತಮ್ಮ ತಲೆ ಎತ್ತಿ ಮೇಲೆ ನೋಡಿದ. ಆ ಕಡೆ, ಈ ಕಡೆ. ಆಮೇಲೆ ನನ್ನ ಕೈಯನ್ನು ಎರಡು ಸಲ ಒತ್ತಿದ. ಆ ಬೆಳಕೂ ಹೋಯಿತು.