ಹವೇಲಿ ಬಾಗಿಲಲ್ಲಿ ಹೂತ ತಂತಿ

ಕೇಸರಾಣಿ, ಬಾಡಮೇರ್ ಜಿಲ್ಲೆ
೨೨–೨–೧೯೮೮

ಪ್ರೀತಿಯ ಭಾಯಿಜಾನ್,

ನಿಮ್ಮ ತಮ್ಮ ಮಿಸ್ರಿ ಖಾನ್, ಎಂ.ಎ., ಸರ್ಕಾರಿ ಶಾಲೆಯ ಭೂಗೋಳದ ಮೇಷ್ಟ್ರು, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಅಬ್ಬಾ ನಿಮಗೆಂದು ಬಿಟ್ಟುಹೋದ ಕಮಾಯ್ಚಾ ವಾದ್ಯದಿಂದ ನಾನು ತಂತಿ ಕದ್ದಿದ್ದೇನೆ. ಅಬ್ಬಾ ತೀರಿಕೊಂಡಾಗ ಮಸ್ಕತ್ತಿಗೆ ಕಳಿಸಿದ ತಂತಿ ಬೇರೆ, ಈ ತಂತಿ ಬೇರೆ. ಅದು ಪೋಸ್ಟಾಫೀಸಿನದು, ಇದು ಮೇಕೆಯ ಕರುಳಿನದು.

ನಿಮ್ಮ ಬೆನ್ನುನೋವು ಹೇಗಿದೆ? ಲಾರಿ ಓಡಿಸುವಾಗ ಬೆನ್ನಿಗೆ ದಿಂಬು ಕೊಟ್ಟುಕೊಳ್ಳಬೇಕಂತೆ, ಅಮ್ಮ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಭಾಭಿ, ಮಕ್ಕಳು ಕ್ಷೇಮ. ಕರಿ ಮೇಕೆ ಮರಿ ಹಾಕಿದೆ. ನಾನು ಊಟ ಮಾಡುತ್ತೇನೆ, ಶಾಲೆಗೆ ಹೋಗುತ್ತೇನೆ, ನಗಿಸುತ್ತೇನೆ. ಅಳು ಮಾತ್ರ ಇನ್ನೂ ಬಂದಿಲ್ಲ. ಓದಿದವನು, ಗಟ್ಟಿ ಎನ್ನುತ್ತಾರೆ ಜನ. ಹಲ್ಲು ಕೀಳುವ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಇಡೀ ನಾನು ಹಾಗಿದ್ದೇನೆ.

ಈಗ ಕಳವಿನ ಕಾರಣ. ನಮ್ಮ ಮಂಗಣಿಯಾರ್ ಮನೆತನ ಯಾರ ಹುಟ್ಟಿಗೂ ಮದುವೆಗೂ ಹಾಡುತ್ತ ಬಂದಿದೆಯೋ ಆ ಹವೇಲಿಯ ಠಾಕುರ್ ಸುಲ್ತಾನ್‌ಸಿಂಗರು ಸಂತಾಪ ಹೇಳಲು ಬಂದಿದ್ದರು. ನಮ್ಮ ಮನೆಯ ಮಂಚದ ಮೇಲೆ ಅವರು, ನಮ್ಮ ಮನೆಯ ನೆಲದ ಮೇಲೆ ನಾವು. ಅಮ್ಮ ತಂದಿಟ್ಟ ನೀರಿನ ಲೋಟದ ಕಡೆ ಅವರು ತಿರುಗಲಿಲ್ಲ. “ನಿಮ್ಮಪ್ಪ ಲಾಧೂ ಹೋಗ್ಬಿಟ್ಟ. ಮೊಮ್ಮಗನ ಮದುವೇಲಿ ನಮ್ಮ ವಂಶಾವಳಿ ಇನ್ನು ನೀನೇ ಹಾಡ್ಬೇಕು ಕಣೋ ಮಿಸ್ರಿ” ಎಂದರು. ನಾನು ಬೆಳೆದದ್ದು ಜೋಧಪುರದ ಹಾಸ್ಟೆಲಿನಲ್ಲಿ, ಅದೆಲ್ಲ ನನಗೆ ಬಾರದು ಎಂದೆ. “ಅದಕ್ಕೇನು ಬುದ್ಧಿ ಬೇಕಾ? ಗಂಟಲಿದ್ರೆ ಸಾಕು. ಕೋಗಿಲೆ ಯಾವ ಕಾಲೇಜಿಗೆ ಹೋಗಿತ್ತು? ನಿಮಗೆ ಅದು ರಕ್ತದಲ್ಲೇ ಬರುತ್ತೆ. ಬುದ್ಧೀನ ದೇವರು ಬೇರೆ ಮನೆಗಳಿಗೆ ಕೊಟ್ಟಿದ್ದಾನೆ.”

“ಹೌದು ಹುಕುಂ,” ಎಂದೆ. “ಮದುಮಗನಿಗಂತೂ ಎಷ್ಟು ಕೊಟ್ಟಿದ್ದಾನೆ ಅಂದ್ರೆ, ಆ ಭಾರಕ್ಕೆ ಹತ್ತನೇ ಕ್ಲಾಸಿನಿಂದ ಮೇಲೇಳೋಕೇ ಆಗ್ತಿಲ್ಲ.”

ಅಮ್ಮ ನನ್ನ ಅಂಗಿ ಜಗ್ಗಿದಳು. ಠಾಕುರರಿಗೆ ಸಿಟ್ಟು ಬರಲಿಲ್ಲ. ಮೀಸೆಯಡಿಯಲ್ಲಿ ನಕ್ಕು, “ವಾಹ್, ಚೆನ್ನಾಗಿ ಹೇಳ್ದೆ” ಎಂದು ಎದ್ದರು, ನಾನು ಒಂದು ಪದ ಹಾಡಿದೆನೇನೋ ಎನ್ನುವಂತೆ. ಬೈದಿದ್ದರೆ ಸುಮ್ಮನಾಗುತ್ತಿದ್ದೆ.

ಯಜಮಾನ ಮರ್ಯಾದೆ ಕಳೆದರೆ ನಮ್ಮವರಿಗಿರುವ ಕೋರ್ಟು ಒಂದೇ, ನಿಮಗೆ ಗೊತ್ತು: ಅವನ ಬಾಗಿಲೆದುರು ನಮ್ಮ ಪೇಟವನ್ನೂ ವಾದ್ಯದ ತಂತಿಯನ್ನೂ ಹೂಳುವುದು. ಆಮೇಲೆ ನಮ್ಮ ಜಾತಿಯ ಒಬ್ಬನೂ ಆ ಹೊಸ್ತಿಲ ಬಳಿ ಬಾಯಿ ತೆರೆಯುವುದಿಲ್ಲ. ಅಬ್ಬಾ ಒಮ್ಮೆಯೂ ಹೂಳಲಿಲ್ಲ. ನಾನು ಶುಕ್ರವಾರ ನಡುಮಧ್ಯಾಹ್ನ, ಎಲ್ಲರೂ ನೋಡುತ್ತಿದ್ದಂತೆ, ಶಾಲೆಯ ಗುದ್ದಲಿಯಲ್ಲಿ ಅಗೆದು ಹೂತೆ. ಅಬ್ಬಾನನ್ನು ಮಣ್ಣು ಮಾಡಿದ ದಿನದ ಹಾಗೆಯೇ ಕೈ ತೊಳೆದು ಮನೆಗೆ ಬಂದೆ.

ಮೂರನೆಯ ದಿನ ಅಮ್ಮ, “ಅಣ್ಣ ಬೆನ್ನು ಮುರ್ಕೊಂಡು ಲಾರಿ ಓಡಿಸ್ತಿರೋದು ಒಂದಿನ ವಾಪಸ್ ಬಂದು ಕಮಾಯ್ಚಾ ಹಿಡಿಯೋಕೆ. ಯಾವ ಬಾಗಿಲಲ್ಲಿ ಕೂರ್ತಾನೆ ಅವನು? ನಿನ್ನ ಶಾಲೆ ಬಾಗಿಲಲ್ಲಾ?” ಎಂದಳು. ನಿಮ್ಮನ್ನು ಕೇಳಿ ಮಾಡಬೇಕಿತ್ತು.

ಆದರೂ ಒಂದು ಮಾತು ಹೆಮ್ಮೆಯಿಂದ ಬರೆಯುತ್ತೇನೆ. ತಲೆತಲಾಂತರದಿಂದ ನಾವೇ ಅವರ ವಂಶವಾಹಿಗಳು. ಅವರು ಹುಟ್ಟುತ್ತ ಹೋದರು, ಹೊತ್ತುಕೊಂಡವರು ನಾವು. ಇನ್ನು ಅವರವರ ಅಜ್ಜಂದಿರನ್ನು ಅವರವರೇ ಹೊರಲಿ. ಆ ಮನೆಯ ಒಂದು ಹೆಸರೂ ನನ್ನ ತಲೆಯಲ್ಲಿಲ್ಲ. ಅಲ್ಲಿ ಈಗ ನದಿಗಳಿವೆ, ಮಾರುತಗಳಿವೆ, ಗೋಧಿ ಬೆಳೆಯುವ ದೇಶಗಳಿವೆ. ನಮ್ಮ ಕುಲದಲ್ಲಿ ಆ ಹವೇಲಿಯಿಂದ ಪೂರ್ತಿ ಬಿಡುಗಡೆಯಾದ ಮೊದಲ ತಲೆ ನನ್ನದು.

ಅಮ್ಮನ ಆಶೀರ್ವಾದ. ಭಾಭಿಯ ಸಲಾಮು ಬೇರೆ ಕಾಗದದಲ್ಲಿದೆ. ನಾನು ಓದಿಲ್ಲ, ಮಡಿಸಿದ್ದೇನೆ ಅಷ್ಟೆ.

ನಿಮ್ಮ ತಮ್ಮ,
ಮಿಸ್ರಿ

ತಾ.ಕ.: ಪತ್ರ ಜೇಬಿನಲ್ಲೇ ಉಳಿದಿತ್ತು, ಅಷ್ಟರಲ್ಲಿ ಮದುವೆ ಆಯಿತು. ನಮ್ಮವರು ಯಾರೂ ಹೋಗಲಿಲ್ಲ. ಠಾಕುರರ ಅಳಿಯ, ವಕೀಲರು, ಮೈಕು ಹಿಡಿದು ತಾವೇ ವಂಶಾವಳಿ ಶುರುಮಾಡಿದರು. ನಾನು ಹವೇಲಿಯ ಅಂಗಳ ಕಾಣುವ ನಮ್ಮ ಮಾಳಿಗೆಯ ಮೇಲೆ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಪೃಥ್ವಿಸಿಂಗನಿಂದ ವಕೀಲರು ನೆಟ್ಟಗೆ ಮಾಲಂಸಿಂಗನಿಗೆ ಜಿಗಿದರು. “ನಡುವೆ ಗುಮಾನ್‌ಸಿಂಗ್” ಎಂದು ಯಾರೋ ಕೂಗಿದರು. ತಲೆಯೆತ್ತಿದರೆ ಇಡೀ ದಿಬ್ಬಣ ನನ್ನನ್ನೇ ನೋಡುತ್ತಿತ್ತು. ಆಮೇಲೆ ನಿಲ್ಲಿಸಲಾಗಲಿಲ್ಲ ಭಾಯಿಜಾನ್. ಗುಮಾನ್‌ಸಿಂಗ್, ಅವನ ಮಗ, ಅವನ ಮಗ, ಮದುಮಗನವರೆಗೂ ರಾಗವಾಗಿ ಹಾಡಿ ಮುಗಿಸಿದೆ. ಕೆಳಗಿನಿಂದ ಠಾಕುರರು, “ನೋಡಿದ್ರಾ, ಹೇಳಿರಲಿಲ್ವಾ? ರಕ್ತ” ಎಂದರು. ರಜೆಗೆ ಬಂದಾಗಲೆಲ್ಲ ಬಾವಿಕಟ್ಟೆಯ ಮೇಲೆ ಕೂರಿಸಿ ಅಬ್ಬಾ ಕಿವಿ ಹಿಂಡಿ ಕಲಿಸಿದ್ದು ಅದು, ರಕ್ತವಲ್ಲ, ಎಂದು ಹೇಳಬೇಕಿತ್ತು. ಹೇಳಲಾಗಲಿಲ್ಲ. ಬಾಯಿ ತುಂಬ, ಹಾಡು ಮುಗಿಯುತ್ತಲೇ ಅವರು ಮಾಳಿಗೆಗೆ ಕಳಿಸಿದ ಶರಬತ್ತಿತ್ತು.